ಸಂಘಕ್ಕೆ ಐವತ್ತು ತುಂಬಿತು, ಸಮ್ಮೇಳನ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ನಮ್ಮದು ಜಿಲ್ಲಾ ಮಟ್ಟದ ಗ್ರಂಥಪಾಲಕರ ಸಂಘ. ಕಾಲೇಜು ಮತ್ತು ಸಾರ್ವಜನಿಕ ಗ್ರಂಥಾಲಯ, ಎರಡೂ ಕಡೆಯವರಿದ್ದೇವೆ. 1976ರಲ್ಲಿ ಹತ್ತು ಹನ್ನೆರಡು ಜನ ಸೇರಿ ಶುರು ಮಾಡಿದರಂತೆ. ನೋಂದಣಿ ಆದದ್ದು 1978ರಲ್ಲಿ. ಈಗ 220 ಸದಸ್ಯರಿದ್ದಾರೆ, ಸಭೆಗೆ ಬರುವವರು 40 ಜನ. ಬ್ಯಾಂಕಿನಲ್ಲಿ ಆರೂವರೆ ಲಕ್ಷ ಇದೆ, ಅದರಲ್ಲಿ ನಾಲ್ಕೂವರೆ ಲಕ್ಷ ಆಜೀವ ಸದಸ್ಯತ್ವದ ಠೇವಣಿ. ಸುವರ್ಣ ಮಹೋತ್ಸವಕ್ಕೆ ಮೂರು ದಿನದ ರಾಷ್ಟ್ರೀಯ ಸಮ್ಮೇಳನ ಮಾಡೋಣ, 500 ಜನ ಸೇರಲಿ, ಮಂತ್ರಿಗಳು ಉದ್ಘಾಟಿಸಲಿ ಅಂತ ಅಧ್ಯಕ್ಷರು ಹೇಳುತ್ತಾರೆ. ಒಂದು ದಿನ ಸಭೆ ಮಾಡಿ ಹೋಳಿಗೆ ಊಟ ಹಾಕಿ ಮುಗಿಸೋಣ ಅಂತ ಖಜಾಂಚಿ. ಯಾವ ವರ್ಷದಿಂದ ಐವತ್ತು ಎಣಿಸಬೇಕು ಅನ್ನೋದಕ್ಕೂ ಜಗಳ ಆಗಿದೆ. ಪ್ರಾಯೋಜಕರು ಖರ್ಚು ನೋಡಿಕೊಳ್ಳುತ್ತಾರೆ ಅಂತ ಕೆಲವರು ಧೈರ್ಯ ಕೊಡುತ್ತಾರೆ. ಐಎಸ್‌ಬಿಎನ್ ಇರುವ ಪ್ರಬಂಧ ಸಂಕಲನ ತರದಿದ್ದರೆ ಯಾರೂ ಬರಲ್ಲ ಅಂತ ಇನ್ನು ಕೆಲವರು. ಸಾಲ ಮಾಡಿಕೊಂಡು ಸಂಘ ಮುಳುಗಬಾರದು ಅನ್ನೋದು ನನ್ನ ಭಯ. ಪ್ರತಿನಿಧಿಗಳಿಗೆ ಬ್ಯಾಗ್ ಕೊಡಲೇಬೇಕಾ, ಅದನ್ನೂ ತಿಳಿಸಿ. – ಸಂಘದ ಕಾರ್ಯದರ್ಶಿ

ಉತ್ತರ: ಕಾರ್ಯದರ್ಶಿಗಳೇ, ನಿಮ್ಮ ಪತ್ರದಲ್ಲಿ ಇರುವ ದೊಡ್ಡ ಸುದ್ದಿ ದುಡ್ಡಿನದಲ್ಲ. 220 ಸದಸ್ಯರಲ್ಲಿ ಸಭೆಗೆ ಬರುವವರು 40 ಅಂದಿರಲ್ಲ, ಅದು. ಉಳಿದ 180 ಜನಕ್ಕೆ ಈ ಸಂಘದಿಂದ ಏನೂ ಆಗಬೇಕಿಲ್ಲ ಅಂತ ಅನ್ನಿಸಿದೆ. ಅಧ್ಯಕ್ಷರ ಮೂರು ದಿನದ ಸಮ್ಮೇಳನವಾಗಲಿ, ಖಜಾಂಚಿಯವರ ಹೋಳಿಗೆ ಊಟವಾಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ಸಮ್ಮೇಳನ ಮುಗಿದ ಮೇಲೆ ಸಂಘದ ಕೈಯಲ್ಲಿ ಏನು ಉಳಿಯಬೇಕು ಅನ್ನೋದನ್ನು ಮೊದಲು ತೀರ್ಮಾನಿಸಿ. ಎಷ್ಟು ದಿನ, ಎಷ್ಟು ಜನ ಅನ್ನೋದು ಆಮೇಲೆ ತಾನಾಗಿ ಬರುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ನಮ್ಮ ವೃತ್ತಿಯ ಇತಿಹಾಸದಲ್ಲೇ ಒಂದು ಸುವರ್ಣ ಮಹೋತ್ಸವ ಇದೆ. ಬ್ರಿಟನ್ನಿನ ಲೈಬ್ರರಿ ಅಸೋಸಿಯೇಷನ್ 1877ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಐವತ್ತು ತುಂಬಿದಾಗ, 1927ರಲ್ಲಿ, ಎಡಿನ್‌ಬರೋದಲ್ಲಿ ಸಮ್ಮೇಳನ ಮಾಡಿದರು. ಆ ಸಮ್ಮೇಳನದಲ್ಲೇ, ಸೆಪ್ಟೆಂಬರ್ 30ರಂದು, 15 ದೇಶಗಳ ಗ್ರಂಥಾಲಯ ಸಂಘಗಳು ಒಂದು ನಿರ್ಣಯಕ್ಕೆ ಸಹಿ ಹಾಕಿದವು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಇವತ್ತಿನ ಇಫ್ಲಾ, ಹುಟ್ಟಿದ್ದು ಹಾಗೆ. ಆ ಯೋಚನೆಯನ್ನು ಫ್ರಾನ್ಸಿನ ಗೇಬ್ರಿಯಲ್ ಆನ್ರಿಯೋ ಅವರು ಹಿಂದಿನ ವರ್ಷವೇ ಪ್ರಾಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮುಂದಿಟ್ಟಿದ್ದರು. ಅಂದರೆ ಕೆಲಸ ಮೊದಲೇ ನಡೆದಿತ್ತು, ಎಡಿನ್‌ಬರೋದಲ್ಲಿ ಅದಕ್ಕೆ ಮುದ್ರೆ ಬಿತ್ತು. ಅಲ್ಲಿ ಯಾವ ಊಟ ಹಾಕಿದರು, ಯಾರು ದೀಪ ಹಚ್ಚಿದರು ಅಂತ ಇವತ್ತು ಯಾರೂ ಕೇಳುವುದಿಲ್ಲ.

ನಿಮ್ಮ ಜಿಲ್ಲೆಯಿಂದ ಇನ್ನೊಂದು ಇಫ್ಲಾ ಹುಟ್ಟಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಅಳತೆಗೆ ತಕ್ಕದ್ದು ಏನಾದರೂ ಉಳಿಯಲಿ ಅಂತ ಅಷ್ಟೇ.

ಯಾವ ವರ್ಷ?

ಈ ಜಗಳ ಎಲ್ಲ ಸಂಘಗಳಲ್ಲೂ ಇದೆ, ಬೇಸರ ಮಾಡಿಕೊಳ್ಳಬೇಡಿ. 1976ರ ಮೊದಲ ಸಭೆಯ ನಡಾವಳಿ ಪುಸ್ತಕವೋ, ಆ ಕಾಲದ ಪತ್ರವೋ, ರಸೀದಿಯೋ ಸಿಕ್ಕರೆ 1976 ಅನ್ನೇ ಹಿಡಿಯಿರಿ. ನೋಂದಣಿ ಕಾನೂನಿನ ಕೆಲಸ. ಸಂಘ ಹುಟ್ಟುವುದು ಜನ ಸೇರಿದ ದಿನ. ಕಾಗದ ಸಿಗದೆ ಬರೀ ಹಿರಿಯರ ನೆನಪು ಮಾತ್ರ ಇದ್ದರೆ, ಇಬ್ಬರು ಮೂವರು ಬೇರೆ ಬೇರೆಯಾಗಿ ಹೇಳಿದ್ದು ತಾಳೆಯಾಗುತ್ತದಾ ನೋಡಿ. ಆಗದಿದ್ದರೆ ನೋಂದಣಿ ಪತ್ರದ 1978ಕ್ಕೇ ನಿಲ್ಲಿ.

50ನೇ ವರ್ಷ ಶುರುವಾಗುವುದು ಬೇರೆ, 50 ತುಂಬುವುದು ಬೇರೆ ಅನ್ನೋದೂ ತಲೆಯಲ್ಲಿರಲಿ. 1976ರಲ್ಲಿ ಹುಟ್ಟಿದ ಸಂಘಕ್ಕೆ 50 ತುಂಬುವುದು 2026ರಲ್ಲಿ. ನಿಮಗೆ ಎರಡು ಇಸವಿ ಇರುವುದು ಒಂದು ಲೆಕ್ಕಕ್ಕೆ ಅನುಕೂಲವೇ. 2026ರಿಂದ 2028ರವರೆಗೆ ಸುವರ್ಣ ಅವಧಿ ಅಂತ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿ. ಸಿದ್ಧತೆ ಆದಾಗ ಸಮ್ಮೇಳನ ಇಟ್ಟುಕೊಳ್ಳಿ. ಎರಡೂ ಗುಂಪಿನವರು ಸುಮ್ಮನಾಗುತ್ತಾರೆ.

ದಿನಾಂಕ ಅಂದ ಕೂಡಲೇ ಯಾರಾದರೂ ಆಗಸ್ಟ್ 12 ಅನ್ನುತ್ತಾರೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ, ರಾಷ್ಟ್ರೀಯ ಗ್ರಂಥಪಾಲಕರ ದಿನ. ಬೇಡ. ಅವತ್ತು ಪ್ರತಿ ಕಾಲೇಜಿನಲ್ಲೂ ಗ್ರಂಥಪಾಲಕರೇ ಕಾರ್ಯಕ್ರಮ ನಡೆಸಬೇಕು, ನಿಮ್ಮಲ್ಲಿಗೆ ಬರುವುದು ಹೇಗೆ? ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೂ ಇದೇ ತೊಂದರೆ. ಸೆಮಿಸ್ಟರ್ ಪರೀಕ್ಷೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ, ಮದುವೆ ಮುಹೂರ್ತ, ಪಂಚಾಯಿತಿ ಚುನಾವಣೆಯ ನೀತಿ ಸಂಹಿತೆ, ಇಷ್ಟನ್ನೂ ನೋಡಿ. ರಜೆ ದಿನ ಇಟ್ಟರೆ ಜನ ಜಾಸ್ತಿ ಬರುತ್ತಾರೆ ಅನ್ನೋದು ತಪ್ಪು ಎಣಿಕೆ. ನಮ್ಮವರು ಬರುವುದು ಓಓಡಿ, ಅಂದರೆ ಕೆಲಸದ ಮೇಲೆ ಹೊರಗೆ ಹೋಗುವ ಅನುಮತಿ, ಸಿಕ್ಕಾಗ. ಎರಡು ದಿನ ಮಾಡುವುದಾದರೆ ಶುಕ್ರವಾರ, ಶನಿವಾರ ಇಡಿ. ಎರಡನೇ ಶನಿವಾರ ಮಾತ್ರ ಬಿಡಿ.

ದುಡ್ಡಿನ ಲೆಕ್ಕ

ಅಧ್ಯಕ್ಷರ ಲೆಕ್ಕ ನೋಡೋಣ. ಬೆಳಗಿನ ತಿಂಡಿ, ಊಟ, ಎರಡು ಸಲ ಕಾಫಿ ಸೇರಿ ತಲೆಗೆ ದಿನಕ್ಕೆ 450 ರೂಪಾಯಿ ಅಂತ ಇಟ್ಟುಕೊಳ್ಳಿ. 500 ಜನ, 3 ದಿನ, ಒಟ್ಟು 6,75,000. ಊಟವೊಂದೇ ನಿಮ್ಮ ಬ್ಯಾಂಕಿನ ಅಷ್ಟೂ ದುಡ್ಡನ್ನು ನುಂಗಿತು, ಮೇಲೆ ಇನ್ನೂ 25,000 ಬೇಕು. ಶುಲ್ಕದಿಂದ ಬರುತ್ತದೆ ಅಂತೀರಾ? ಊಟಕ್ಕೆ ಕೂತವರೆಲ್ಲ ಶುಲ್ಕ ಕಟ್ಟಿದವರಲ್ಲ. ಅತಿಥಿಗಳು, ಅವರ ಕಾರಿನ ಚಾಲಕರು, ಸ್ವಯಂಸೇವಕ ವಿದ್ಯಾರ್ಥಿಗಳು, ಮಳಿಗೆಯವರು, ಫೋಟೋದವರು, ಸಭಾಂಗಣದ ಸಿಬ್ಬಂದಿ, ಇವರನ್ನು ಯಾವ ಬಜೆಟ್ಟಿನಲ್ಲೂ ಬರೆದಿರುವುದಿಲ್ಲ, ಬಫೆ ಸಾಲಿನಲ್ಲಿ ಮಾತ್ರ ಇರುತ್ತಾರೆ. 500ರಲ್ಲಿ 300 ಜನ ತಲಾ 1,500 ಕಟ್ಟಿದರೂ ಬರುವುದು ನಾಲ್ಕೂವರೆ ಲಕ್ಷ. ಸಭಾಂಗಣ, ವಸತಿ, ಪ್ರಯಾಣ ಭತ್ಯೆ, ಮುದ್ರಣ, ಶಾಮಿಯಾನ ಇನ್ನೂ ಮುಟ್ಟಿಲ್ಲ.

ಈಗ ಚಿಕ್ಕ ಲೆಕ್ಕ. 200 ಜನ, 2 ದಿನ, ಊಟಕ್ಕೆ 1,80,000. ಅವರಲ್ಲಿ 150 ಜನ ತಲಾ 1,200 ಕಟ್ಟಿದರೆ ಅದೂ 1,80,000. ಊಟದ ಖರ್ಚು ಶುಲ್ಕದಲ್ಲೇ ತೀರಿತು. ಉಳಿದದ್ದಕ್ಕೆ ನಿಮ್ಮ ಬಳಿ ಠೇವಣಿ ಬಿಟ್ಟು ಎರಡು ಲಕ್ಷ ಇದೆ, ಮಳಿಗೆ ಬಾಡಿಗೆ ಬರುತ್ತದೆ. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ. ಅಧ್ಯಕ್ಷರ ಜೊತೆ ವಾದ ಮಾಡುವುದಕ್ಕಿಂತ ಈ ಹಾಳೆ ಅವರ ಮುಂದಿಡುವುದು ವಾಸಿ.

ಆಜೀವ ಸದಸ್ಯತ್ವದ ನಾಲ್ಕೂವರೆ ಲಕ್ಷವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ಇಡುಗಂಟು. ಆ ಸದಸ್ಯರು ಮುಂದೆ ಯಾವತ್ತೂ ಚಂದಾ ಕಟ್ಟುವುದಿಲ್ಲ, ಅವರ ಪಾಲಿನ ಕೆಲಸ ಅದರ ಬಡ್ಡಿಯಲ್ಲೇ ನಡೆಯಬೇಕು. ‘ಈಗ ತೆಗೆಯೋಣ, ಆಮೇಲೆ ತುಂಬೋಣ’ ಅಂತ ತೆಗೆದ ಠೇವಣಿ ಮತ್ತೆ ತುಂಬಿದ್ದನ್ನು ನಾನು ಕಂಡದ್ದು ಕಡಿಮೆ.

ಪ್ರಾಯೋಜಕರ ಬಗ್ಗೆ ಸ್ವಲ್ಪ ಬಿಚ್ಚಿ ಹೇಳುತ್ತೇನೆ. ನಿಮ್ಮ ಹತ್ತಿರ ಬರುವವರು ಪ್ರಕಾಶಕರು, ಪುಸ್ತಕ ವಿತರಕರು, ಗ್ರಂಥಾಲಯ ತಂತ್ರಾಂಶದವರು, ಪುಸ್ತಕಕ್ಕೆ ಅಂಟಿಸುವ ಆರ್‌ಎಫ್‌ಐಡಿ ಚಿಪ್ ಮಾರುವವರು. ಫೋನಿನಲ್ಲಿ ‘ಐವತ್ತು ಸಾವಿರ ನಮ್ಮದು ಸಾರ್’ ಅನ್ನುತ್ತಾರೆ. ಸಮ್ಮೇಳನ ಮುಗಿದ ಮೇಲೆ ಅದು ಹದಿನೈದಾಗುತ್ತದೆ, ಅದೂ ‘ಮಾರ್ಚ್ ಬಿಲ್ ಬಂದ ಮೇಲೆ’. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಕೈಗೆ ದುಡ್ಡು ಬರುವುದೂ ನಮ್ಮ ಕಾಲೇಜುಗಳ ಬಿಲ್ ಪಾಸಾದಾಗಲೇ. ಆದ್ದರಿಂದ ಬಾಯಿಮಾತಿನ ದುಡ್ಡನ್ನು ಬಜೆಟ್ಟಿಗೆ ಸೇರಿಸಬೇಡಿ. ಖಾತೆಗೆ ಬಿದ್ದದ್ದು ಮಾತ್ರ ಆದಾಯ.

ಇನ್ನೊಂದು ಅಪಾಯ ಇದೆ, ಇದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ನಿಮ್ಮ ಸದಸ್ಯರೇ ಖರೀದಿ ಸಮಿತಿಗಳಲ್ಲಿ ಕೂರುವವರು. ಇವತ್ತು ಊಟ ಕೊಡಿಸಿದ ವಿತರಕರು ನಾಳೆ ಆರ್ಡರ್ ಕೇಳುತ್ತಾರೆ. ಸರ್ಕಾರಿ ಖರೀದಿಗೆ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದರ ಕೆಳಗೆ ಕೆಲಸ ಮಾಡುವವರು ಸಂಘದ ಹೆಸರಿನಲ್ಲಿ ಋಣ ಮಾಡಿಕೊಳ್ಳಬಾರದು. ದಾರಿ ಸುಲಭ. ಮಳಿಗೆಗೆ ಒಂದೇ ದರ, ಮುದ್ರಿಸಿದ ದರಪಟ್ಟಿ, ಎಲ್ಲರಿಗೂ ರಸೀದಿ. ದುಡ್ಡು ಕೊಟ್ಟವರಿಗೆ ಗೋಷ್ಠಿಯಲ್ಲಿ ಭಾಷಣದ ಅವಕಾಶ ಇಲ್ಲ. ಮಾರಾಟದ ಮಾತು ಮಳಿಗೆಯಲ್ಲೇ ಆಗಲಿ.

ತೆರಿಗೆ ವಿಷಯ ನಿಮ್ಮ ಲೆಕ್ಕ ಪರಿಶೋಧಕರನ್ನು ಶುರುವಿನಲ್ಲೇ ಕೇಳಿ, ಕೊನೆಗಲ್ಲ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೀವು ಅಷ್ಟು ದೂರ ಹೋಗುವುದಿಲ್ಲ. ಆದರೆ ಜಾಹೀರಾತಿಗೆ ಕೊಟ್ಟ ದುಡ್ಡು ದೇಣಿಗೆ ಅಲ್ಲ, ಅದಕ್ಕೆ 80ಜಿ ರಸೀದಿ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿಯ ರಸೀದಿ) ಕೊಡಬೇಡಿ. ಸಂಘಗಳ ನೋಂದಣಾಧಿಕಾರಿಗೆ ಪ್ರತಿ ವರ್ಷದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆಯಾಗಿದೆಯಾ ನೋಡಿ. ಹಳೆಯದು ಬಾಕಿ ಇದ್ದರೆ ಅನುದಾನಕ್ಕೆ ಅರ್ಜಿ ಹಾಕಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ.

ಜನ ಬರಲ್ಲ ಅನ್ನುವ ಭಯ

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿದ ಸಭೆಗೆ ಬಂದವರು 103 ಜನ. 500 ಅನ್ನೋದು ಫೋಟೋಗೆ ಬೇಕಾದ ಸಂಖ್ಯೆ, ಕೆಲಸಕ್ಕೆ ಬೇಕಾದದ್ದಲ್ಲ.

ಪ್ರಬಂಧ ಸಂಕಲನ ಇಲ್ಲದಿದ್ದರೆ ಯಾರೂ ಬರಲ್ಲ ಅನ್ನೋದರಲ್ಲಿ ಅರ್ಧ ಸತ್ಯ ಇದೆ. ಕಾಲೇಜು ಗ್ರಂಥಪಾಲಕರಿಗೆ ಬಡ್ತಿಯ ಕಡತಕ್ಕೆ ಪ್ರಮಾಣಪತ್ರ ಬೇಕು. ಅದನ್ನು ನಾವು ಕೀಳಾಗಿ ಕಾಣಬಾರದು, ವ್ಯವಸ್ಥೆ ಕೇಳಿದ್ದನ್ನು ಅವರು ಕೊಡುತ್ತಿದ್ದಾರೆ. ಆದರೆ ಐಎಸ್‌ಬಿಎನ್ ಅಂದರೆ ಗುಣಮಟ್ಟದ ಮುದ್ರೆ ಅಲ್ಲ. ಅದು ಪುಸ್ತಕದ ಗುರುತಿನ ಸಂಖ್ಯೆ. ದೆಹಲಿಯ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿಗೆ ಅರ್ಜಿ ಹಾಕಿದರೆ ಉಚಿತವಾಗಿ ಸಿಗುತ್ತದೆ. ಇದು ನಮ್ಮವರಿಗೇ ಹೇಳಬೇಕಾಗಿ ಬಂದದ್ದು ಸ್ವಲ್ಪ ತಮಾಷೆ, ಅಲ್ವಾ? ಎಂಬತ್ತು ಪ್ರಬಂಧಗಳನ್ನು ತಲಾ ಆರು ನಿಮಿಷದಲ್ಲಿ, ನಾಲ್ಕು ಕೋಣೆಗಳಲ್ಲಿ ಓದಿಸಿ, ಆಮೇಲೆ ದಪ್ಪ ಪುಸ್ತಕ ಮಾಡಿದರೆ ಅದನ್ನು ಲೇಖಕರು ಬಿಟ್ಟು ಇನ್ನಾರೂ ತೆರೆಯುವುದಿಲ್ಲ. ಹದಿನೈದು ಇಪ್ಪತ್ತು ಸಾಕು. ಇಬ್ಬರು ನಿಜವಾಗಿ ಓದಿ ತಿದ್ದಿದ್ದು ಇರಲಿ. ನಕಲು ತಪಾಸಣೆ ತಂತ್ರಾಂಶಕ್ಕೆ ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೇ ಕೇಳಿ. ಉಳಿದವರು ತಮ್ಮ ಗ್ರಂಥಾಲಯದಲ್ಲಿ ಮಾಡಿದ ಒಂದು ಕೆಲಸವನ್ನು ಭಿತ್ತಿಪತ್ರದಲ್ಲಿ ತೋರಿಸಲಿ, ಅವರಿಗೂ ಪ್ರಮಾಣಪತ್ರ ಕೊಡಿ.

ನಿಮ್ಮ 180 ಜನ ಯಾಕೆ ಬರುತ್ತಿಲ್ಲ ಅನ್ನೋದಕ್ಕೆ ನನ್ನ ಊಹೆ ಬೇರೆ. ಸಾರ್ವಜನಿಕ ಗ್ರಂಥಾಲಯದವರು ನಿಮ್ಮ ಸಂಘದಲ್ಲಿ ಹೆಸರಿಗಷ್ಟೇ ಇರಬೇಕು. ಗೋಷ್ಠಿಗಳೆಲ್ಲ ಇಂಗ್ಲಿಷಿನಲ್ಲಿ, ವಿಷಯವೆಲ್ಲ ಇ-ಸಂಪನ್ಮೂಲ ಮತ್ತು ಕೃತಕ ಬುದ್ಧಿಮತ್ತೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. ಈಗ ಅವು ಅರಿವು ಕೇಂದ್ರಗಳು. ಅಲ್ಲಿ ಕೂತ ಮೇಲ್ವಿಚಾರಕರಿಗೆ ನಿಮ್ಮ ಗೋಷ್ಠಿಯಲ್ಲಿ ಏನಿದೆ? 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಸಂಗ್ರಹವಾಗಬೇಕು. ನಿಮ್ಮ ಜಿಲ್ಲೆಯ ನಗರಸಭೆಗಳು ವಸೂಲು ಮಾಡಿದ್ದೆಷ್ಟು, ಗ್ರಂಥಾಲಯಕ್ಕೆ ದಾಟಿಸಿದ್ದೆಷ್ಟು? ಮಾಹಿತಿ ಹಕ್ಕಿನಲ್ಲಿ ಕೇಳಿ ಒಂದು ಪಟ್ಟಿ ಮಾಡಿ. ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ ಕಾಯಂ ಗ್ರಂಥಪಾಲಕರಿರುವುದು ಎಷ್ಟರಲ್ಲಿ? ಇನ್ನೊಂದು ಪಟ್ಟಿ. ಈ ಎರಡು ಹಾಳೆ ಹಿಡಿದು ಕನ್ನಡದಲ್ಲಿ ಅರ್ಧ ದಿನದ ಗೋಷ್ಠಿ ಇಟ್ಟರೆ ಕುರ್ಚಿ ಖಾಲಿ ಉಳಿಯುವುದಿಲ್ಲ. ‘ಡಿಜಿಟಲ್ ಯುಗದಲ್ಲಿ ಗ್ರಂಥಾಲಯಗಳು: ಸವಾಲು ಮತ್ತು ಅವಕಾಶಗಳು’ ಅನ್ನುವ ಶೀರ್ಷಿಕೆ ಮಾತ್ರ ದಯವಿಟ್ಟು ಬೇಡ. ಅದನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ.

ಮಂತ್ರಿಗಳ ವಿಷಯ. ಅವರು ಬಂದರೆ ಸಂಘಕ್ಕೆ ಲಾಭ ಇಲ್ಲ ಅಂತ ಹೇಳಲಾರೆ. ಕರ ಬಾಕಿಯ ಪಟ್ಟಿಯನ್ನು ಅವರ ಕೈಗೇ ಕೊಡಬಹುದು. ಕಷ್ಟ ಏನೆಂದರೆ, ಹತ್ತು ಗಂಟೆಯ ಉದ್ಘಾಟನೆ ಒಂದೂವರೆಗೆ ಮುಗಿದು, ಮೊದಲ ಗೋಷ್ಠಿ ಊಟದಲ್ಲಿ ಕರಗಿಹೋಗುತ್ತದೆ. ಒಂಬತ್ತೂವರೆಗೆ ಗೋಷ್ಠಿಯನ್ನೇ ಶುರು ಮಾಡಿ. ಉದ್ಘಾಟನೆ ಹನ್ನೊಂದೂವರೆಗೆ ಇಡಿ. ಅವರು ತಡ ಮಾಡಿದರೂ ಕೂತ ಜನಕ್ಕೆ ಕೆಲಸ ಇರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳ ಅನುಕ್ರಮದ ಶಿಷ್ಟಾಚಾರವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ಮುದ್ರಿಸಿ. ಸನ್ಮಾನಕ್ಕೆ ಆಯ್ಕೆ ಸಮಿತಿ ಮಾಡಬೇಡಿ, ಜಗಳ ಗ್ಯಾರಂಟಿ. ಬದುಕಿರುವ ಸ್ಥಾಪಕ ಸದಸ್ಯರೆಲ್ಲರಿಗೂ, ಮಾಜಿ ಅಧ್ಯಕ್ಷರು, ಮಾಜಿ ಕಾರ್ಯದರ್ಶಿಗಳೆಲ್ಲರಿಗೂ ಸನ್ಮಾನ, ಬೇರೆ ಯಾರಿಗೂ ಇಲ್ಲ ಅಂತ ನಿಯಮ ಹಾಕಿ.

ನಿಜವಾದ ಕೆಲಸ ಇಲ್ಲಿದೆ

ಸ್ಮರಣ ಸಂಚಿಕೆಗಳನ್ನು ನೋಡಿದ್ದೀರಲ್ಲ. ಮೊದಲ ಇಪ್ಪತ್ತು ಪುಟ ಶುಭ ಸಂದೇಶ, ಕೊನೆಯ ಇಪ್ಪತ್ತು ಪುಟ ಜಾಹೀರಾತು. ನಡುವೆ ಸಂಘದ ಇತಿಹಾಸ ಅಂತ ಎರಡು ಪುಟ, ಅದರಲ್ಲಿ ‘ಹಲವು ಮಹನೀಯರ ಶ್ರಮದಿಂದ’ ಅಂತ ಒಂದು ಸಾಲು. ಆ ಹಲವರು ಯಾರು? ಊರಿನವರ ಕಾಗದಪತ್ರವೆಲ್ಲ ಜೋಪಾನ ಮಾಡುವ ನಮ್ಮ ಸಂಘಗಳ ಸ್ವಂತ ದಾಖಲೆ ಎಲ್ಲಿದೆ ಅಂದರೆ, ಯಾವುದೋ ಮಾಜಿ ಕಾರ್ಯದರ್ಶಿಯ ಮನೆಯ ಅಟ್ಟದ ಮೇಲೆ.

ನಿಮ್ಮ ಸುವರ್ಣ ಮಹೋತ್ಸವದಿಂದ ಒಂದೇ ಒಂದು ವಸ್ತು ಉಳಿಯಬೇಕು ಅಂದರೆ ಅದು ಈ ದಾಖಲೆ ಆಗಲಿ ಅನ್ನೋದು ನನ್ನ ಸಲಹೆ. 1976ರಲ್ಲಿ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು. ಸಮ್ಮೇಳನ ಮುಂದೆ ಹಾಕಬಹುದು, ಇದನ್ನು ಹಾಕಲಾಗದು. ಇಬ್ಬರು ಕಿರಿಯ ಸದಸ್ಯರನ್ನು ಈ ತಿಂಗಳೇ ನೇಮಿಸಿ. ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಲಿ, ಪಕ್ಕದಲ್ಲಿ ಫ್ಯಾನ್ ಆಫ್ ಇರಲಿ. ‘ಸಂಘದ ಬಗ್ಗೆ ಹೇಳಿ ಸಾರ್’ ಅಂದರೆ ಭಾಷಣ ಬರುತ್ತದೆ. ಮೊದಲ ಸಭೆ ಯಾರ ಕೋಣೆಯಲ್ಲಿ ನಡೆಯಿತು, ಚಂದಾ ಎಷ್ಟಿತ್ತು, ಸಭೆಯ ಸೂಚನೆ ಹೇಗೆ ಕಳಿಸುತ್ತಿದ್ದರು, ಯಾರು ಬಿಟ್ಟು ಹೋದರು, ಯಾಕೆ ಹೋದರು, ಕೆಟಲಾಗ್ ಕಾರ್ಡು ಟೈಪ್ ಮಾಡುತ್ತಿದ್ದವರು ಯಾರು ಅಂತ ಕೇಳಿ. ಬಳಸಲು ಒಪ್ಪಿಗೆ ಇದೆ ಅಂತ ಒಂದು ಹಾಳೆಯಲ್ಲಿ ಸಹಿ ತೆಗೆದುಕೊಳ್ಳಿ. ಗ್ರಂಥಾಲಯ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಕೇಂದ್ರ ಬೆಂಗಳೂರಿನಲ್ಲಿ 1962ರಲ್ಲಿ ಶುರುವಾಯಿತು, ರಂಗನಾಥನ್ ಅವರು 1972ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಲ್ಲೇ ಇದ್ದರು. ನಿಮ್ಮ ಸ್ಥಾಪಕರಲ್ಲಿ ಅವರ ಪಾಠ ಕೇಳಿದವರು ಒಬ್ಬರಾದರೂ ಇರಬಹುದು. ಕೇಳಿ ನೋಡಿ.

ಹಳೆಯ ಫೋಟೋಗಳಿಗೆ ಹಿರಿಯರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಹೆಸರು ಬರೆಸಿ. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಬೇಡ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ದಿನಾಂಕ ಅಲ್ಲೇ ಇರುತ್ತದೆ. ನಡಾವಳಿ ಪುಸ್ತಕದ ಸ್ಕ್ಯಾನಿಗೆ 300 ಡಿಪಿಐ ಸ್ಪಷ್ಟತೆ ಸಾಕು, ಚಿಕ್ಕ ಫೋಟೋಗೆ 600. ಮೂಲ ಕಡತ ಟಿಫ್‌ನಲ್ಲಿ ಇರಲಿ, ಹಂಚುವುದಕ್ಕೆ ಪಿಡಿಎಫ್. ಇಡುವುದಕ್ಕೆ ಸಂಘದ ಸ್ವಂತ ವೆಬ್‌ಸೈಟ್ ನಂಬಬೇಡಿ, ಮುಂದಿನ ಕಾರ್ಯದರ್ಶಿ ನವೀಕರಣದ ಹಣ ಕಟ್ಟುವುದು ಮರೆಯುತ್ತಾರೆ. ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಡಿ-ಸ್ಪೇಸ್ ತಂತ್ರಾಂಶದ ಡಿಜಿಟಲ್ ಭಂಡಾರ ಇದ್ದರೆ ಅದರಲ್ಲಿ ಒಂದು ವಿಭಾಗ ಕೇಳಿ, ಇನ್ನೊಂದು ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿ. ಮೂಲ ಪುಸ್ತಕಗಳನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಲಿಖಿತ ಒಪ್ಪಂದದ ಮೇಲೆ ಒಪ್ಪಿಸಿ. ಇದಕ್ಕೆಲ್ಲ ನಲವತ್ತು ಐವತ್ತು ಸಾವಿರದ ಒಳಗೆ ಮುಗಿಸಬಹುದು, ವಿದ್ಯಾರ್ಥಿಗಳು ಕೈಜೋಡಿಸಿದರೆ ಇನ್ನೂ ಕಡಿಮೆ.

ಇದರಲ್ಲೂ ಅಪಾಯ ಇಲ್ಲದೆ ಇಲ್ಲ. ಹಳೆಯ ನಡಾವಳಿಯಲ್ಲಿ ಹಳೆಯ ಜಗಳಗಳೂ ಇರುತ್ತವೆ, ಬದುಕಿರುವವರ ಮೇಲಿನ ಆರೋಪಗಳೂ ಇರುತ್ತವೆ. ಅಂಥ ಪುಟಗಳನ್ನು ಹರಿಯಬೇಡಿ, ಅಳಿಸಬೇಡಿ. ಹದಿನೈದು ಇಪ್ಪತ್ತು ವರ್ಷ ಮುಚ್ಚಿಡುವುದು ಅಂತ ಸಮಿತಿಯಲ್ಲಿ ನಿರ್ಣಯ ಮಾಡಿ ಬೇರೆ ಕಡತದಲ್ಲಿಡಿ.

ನಿಮ್ಮ ಮುಂದೆ ಇರುವ ದಾರಿಗಳು ಹೀಗೆ. ಖಜಾಂಚಿಯವರದ್ದು ಖರ್ಚಿನಲ್ಲಿ ಸುರಕ್ಷಿತ, ಆದರೆ ಬರುವವರು ಅದೇ 40 ಜನ. ಅಧ್ಯಕ್ಷರದ್ದಕ್ಕೆ ಒಂದು ವಿಶ್ವವಿದ್ಯಾಲಯ ಜಂಟಿಯಾಗಿ ನಿಂತು ಸಭಾಂಗಣ ಮತ್ತು ವಸತಿ ಕೊಟ್ಟರೆ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಂಥ ಕಡೆಯಿಂದ ನೆರವು ಮಂಜೂರಾದ ಪತ್ರ ಕೈಗೆ ಬಂದರೆ ಯೋಚಿಸಬಹುದು. ಆದರೆ ಆಗ ನಿರ್ಧಾರಗಳೂ ಅವರ ಕೈಗೆ ಹೋಗುತ್ತವೆ, ಪತ್ರಿಕೆಯಲ್ಲಿ ನಿಮ್ಮ ಸಂಘದ ಹೆಸರು ಎರಡನೆಯದಾಗುತ್ತದೆ. ಅದಕ್ಕೆ ಒಪ್ಪಿಗೆಯಾ ಅಂತ ಅಧ್ಯಕ್ಷರನ್ನೇ ಕೇಳಿ. ನಾನಾದರೆ ನಡುವಿನದನ್ನು ಹಿಡಿಯುತ್ತೇನೆ: ಈ ವರ್ಷ ದಾಖಲೆ ಕೆಲಸ, ಅದರ ನೆಪದಲ್ಲಿ ತಾಲ್ಲೂಕಿಗೊಂದು ಅರ್ಧ ದಿನದ ಸಭೆ, ಆಮೇಲೆ ಎರಡು ದಿನದ ರಾಜ್ಯಮಟ್ಟದ ಸಮ್ಮೇಳನ. ತಾಲ್ಲೂಕು ಸಭೆಗಳಿಗೆ ಎಷ್ಟು ಜನ ಬಂದರು ಅನ್ನೋದೇ ದೊಡ್ಡ ಸಭಾಂಗಣ ಬೇಕಾ ಬೇಡವಾ ಅಂತ ಹೇಳುತ್ತದೆ. ಆನ್‌ಲೈನ್ ನೇರಪ್ರಸಾರ ಖರ್ಚು ಉಳಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೆ ಬೇರೆಯೇ ಜನ, ಬೇರೆಯೇ ಸಲಕರಣೆ ಬೇಕು. ವಿಡಿಯೊ ರೆಕಾರ್ಡ್ ಮಾಡಿಕೊಂಡು ಆಮೇಲೆ ಹಾಕಿದರೆ ಸಾಕು. ವಿದೇಶದಲ್ಲಿರುವ ಹಳೆಯ ಸದಸ್ಯರಿಂದ ಹತ್ತು ನಿಮಿಷದ ಧ್ವನಿಮುದ್ರಣ ಮೊದಲೇ ತರಿಸಿಕೊಳ್ಳಿ.

ಯಾವುದನ್ನೇ ಆರಿಸಿದರೂ ಬಜೆಟ್ ಸರ್ವಸದಸ್ಯರ ಸಭೆಯಲ್ಲಿ ಪಾಸಾಗಬೇಕು. ಇಂಥ ದಿನಾಂಕದೊಳಗೆ ಇಷ್ಟು ಹಣ ಖಾತೆಗೆ ಬರದಿದ್ದರೆ ಸಮ್ಮೇಳನ ಒಂದು ದಿನಕ್ಕೆ ಇಳಿಯುತ್ತದೆ ಅನ್ನುವ ಸಾಲನ್ನು ಅದೇ ನಿರ್ಣಯದಲ್ಲಿ ಬರೆಯಿರಿ. ಸಮ್ಮೇಳನಕ್ಕೆ ಆರು ವಾರ ಇರುವಾಗಿನ ದಿನಾಂಕ ಸರಿ, ಅಡುಗೆಯವರಿಗೆ ಕನಿಷ್ಠ ಎಲೆ ಎಷ್ಟು ಅಂತ ಮಾತು ಕೊಡುವುದು ಆಮೇಲೇ. ಸಾಲದ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಬ್ಯಾಗ್ ಕೊಡಲೇಬೇಕಾಗಿಲ್ಲ. ಪೆನ್ನು, ಪ್ಯಾಡು, ಹೆಸರು ದೊಡ್ಡದಾಗಿ ಕಾಣುವ ಗುರುತಿನ ಚೀಟಿ ಸಾಕು. ಬ್ಯಾಗ್ ಇಲ್ಲ ಅಂತ ಮೊದಲ ಸುತ್ತೋಲೆಯಲ್ಲೇ ಬರೆದುಬಿಡಿ, ನೋಂದಣಿ ಕೌಂಟರಿನಲ್ಲಿ ಕೂತ ವಿದ್ಯಾರ್ಥಿಗಳು ಬೈಸಿಕೊಳ್ಳುವುದು ತಪ್ಪುತ್ತದೆ.